ತೆಗೆದ ಮೇಲೆ ಉಳಿಯುವುದು

ಮೈಸೂರು ರಸ್ತೆಯ ಕಮಾನು ದಾಟಿ ರಾಜರಾಜೇಶ್ವರಿನಗರವನ್ನು ಹೊಕ್ಕವರಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ಪದದ ಪರಿಚಯವಾಗುತ್ತಿದೆ. ವಸತಿ ಸಮುಚ್ಚಯಗಳ ಮತ್ತು ಒಳಾಂಗಣ ವಿನ್ಯಾಸಕಾರರ ಜಾಹೀರಾತುಗಳಲ್ಲಿ ಕಾಣುವ ಆ ಪದ ‘ಮಿನಿಮಲಿಸಂ’. ಬಿಳಿಯ ಗೋಡೆ, ಅದರ ಮೇಲೆ ಏನೂ ಇಲ್ಲ; ಒಂದು ಆಸನ, ಒಂದು ದೀಪ, ಮೂಲೆಯಲ್ಲೊಂದು ಹಸಿರು ಕುಂಡ. ನೋಡಿದವರ ಕಣ್ಣಿಗೆ ಹಿತವೆನಿಸುವ ಚಿತ್ರವದು. ವಾಹನದಟ್ಟಣೆಯಲ್ಲಿ ನಲುಗಿ ಸಂಜೆ ಮನೆ ಸೇರುವ ನಗರವಾಸಿಗೆ ಖಾಲಿ ಗೋಡೆಯೇ ಒಂದು ವಿಶ್ರಾಂತಿ. ಹಾಸನ, ತುಮಕೂರು, ಕರಾವಳಿಗಳಿಂದ ಬಂದು ನಗರದ ಈ ಪಶ್ಚಿಮ ಭಾಗದಲ್ಲಿ ನೆಲೆಸಿದ ಜೈನ ಕುಟುಂಬಗಳ ಹೊಸ ತಲೆಮಾರಿನಲ್ಲಿ ಈ ಶೈಲಿಯನ್ನು ಅಪರಿಗ್ರಹದ ಆಧುನಿಕ ರೂಪವೆಂದು ಮೆಚ್ಚುವವರಿದ್ದಾರೆ. ಮೆಚ್ಚುಗೆ ಅಸಹಜವೇನಲ್ಲ. ಆದರೆ ಆ ಬಿಳಿಯ ಗೋಡೆಯನ್ನು ಮೆಲ್ಲಗೆ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಹಿಂದೆ ನೆಲದಿಂದ ಮಾಳಿಗೆಯವರೆಗೆ ಕಪಾಟು, ಕಪಾಟಿನ ತುಂಬ ವಸ್ತು. ತೆಗೆದುಹಾಕಿದ್ದೇನು, ಮರೆಮಾಡಿದ್ದೇನು ಎಂಬ ಪ್ರಶ್ನೆ ಅಲ್ಲಿಂದಲೇ ಆರಂಭವಾಗುತ್ತದೆ.

ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಕನ್ನಡಿಗರಿಗೆ ಪರದೇಶದ ಕಲಾಗ್ರಂಥಗಳು ಬೇಕಿಲ್ಲ. ನಗರದಿಂದ ಎರಡು ಮೂರು ಗಂಟೆಯ ಪ್ರಯಾಣದಲ್ಲಿ ಶ್ರವಣಬೆಳಗೊಳವಿದೆ. ಗಂಗರ ಮಂತ್ರಿ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ವಿಂಧ್ಯಗಿರಿಯ ಮೇಲೆ ಮಾಡಿಸಿದ ಗೊಮ್ಮಟನ ಮೂರ್ತಿಯ ಎತ್ತರ ಸುಮಾರು 58 ಅಡಿ. ಅದು ಬೇರೆಡೆಯಿಂದ ತಂದು ನಿಲ್ಲಿಸಿದ ಕಲ್ಲಲ್ಲ. ಬೆಟ್ಟದ ನೆತ್ತಿಯಲ್ಲಿದ್ದ ಬಂಡೆಯಿಂದ ಗೊಮ್ಮಟನಲ್ಲದ್ದನ್ನೆಲ್ಲ ಕಡಿದು ತೆಗೆದಾಗ ಉಳಿದದ್ದು. ತೊಡೆಯವರೆಗೆ ಹಿಂಬದಿಯ ಬಂಡೆಯ ಆಸರೆಯುಂಟು. ಅಲ್ಲಿಂದ ಮೇಲೆ ಯಾವ ಆಧಾರವೂ ಇಲ್ಲದೆ ಶರೀರ ಬಯಲಿನಲ್ಲಿ ನಿಂತಿದೆ. ಆಯುಧವಿಲ್ಲ, ಆಭರಣವಿಲ್ಲ, ವಸ್ತ್ರವಿಲ್ಲ, ಕೈಯಲ್ಲಿ ಮುದ್ರೆಯೂ ಇಲ್ಲ. ಭಾರತದ ಬಹುಪಾಲು ಮೂರ್ತಿಗಳಲ್ಲಿ ಕೈ ಏನನ್ನಾದರೂ ಹೇಳುತ್ತದೆ: ಅಭಯ ನೀಡುತ್ತದೆ, ವರ ಕೊಡುತ್ತದೆ, ಶಂಖವನ್ನೋ ಶೂಲವನ್ನೋ ಹಿಡಿಯುತ್ತದೆ. ಕಾಯೋತ್ಸರ್ಗದಲ್ಲಿ ನಿಂತವನ ಕೈಗಳು ಸುಮ್ಮನೆ ಕೆಳಗಿಳಿದಿವೆ. ಕಾಯವನ್ನೇ ‘ಬಿಟ್ಟು’ ನಿಂತವನು ಕೈಯಿಂದ ಹೇಳುವುದಾದರೂ ಏನು?

ಶಿಲ್ಪಿ ಉಳಿಸಿಕೊಂಡ ಒಂದೇ ಅಲಂಕಾರವೆಂದರೆ ಕಾಲು ತೋಳುಗಳನ್ನು ಸುತ್ತಿ ಏರಿದ ಬಳ್ಳಿ, ಪಾದದ ಬಳಿಯ ಹುತ್ತ ಮತ್ತು ಹಾವು. ಅದೂ ಅಲಂಕಾರವಲ್ಲ, ಕಾಲದ ಅಳತೆ. ಬಳ್ಳಿ ತೋಳಿನವರೆಗೆ ಹಬ್ಬಬೇಕಾದರೆ ಎಷ್ಟು ದಿನ ಅಲುಗದೆ ನಿಂತಿರಬೇಕೆಂಬುದನ್ನು ನೋಡುವವನೇ ಲೆಕ್ಕ ಹಾಕಿಕೊಳ್ಳಬೇಕು. ಅಣ್ಣ ಭರತನನ್ನು ಗೆದ್ದು, ಗೆದ್ದ ರಾಜ್ಯವನ್ನು ಅವನಿಗೇ ಬಿಟ್ಟು ತಪಸ್ಸಿಗೆ ನಿಂತ ಕಥೆಯಲ್ಲಿ ಯುದ್ಧವಿದೆ, ಚಕ್ರರತ್ನವಿದೆ, ಸೇನೆಯಿದೆ. ಚಿತ್ರಿಸಬಹುದಾದ ನೂರು ಘಟನೆಗಳು ಅಲ್ಲಿದ್ದವು. ಬೆಟ್ಟದ ಮೇಲಿನ ಶಿಲ್ಪಿ ಅವೆಲ್ಲವನ್ನೂ ಬಿಟ್ಟು, ಎಲ್ಲ ಮುಗಿದ ನಂತರದ ನಿಶ್ಚಲ ಗಳಿಗೆಯೊಂದನ್ನೇ ಆಯ್ದುಕೊಂಡ. 1180ರ ಸುಮಾರಿಗೆ ಕವಿ ಬೊಪ್ಪಣ ಪಂಡಿತನು ಇದೇ ಮೂರ್ತಿಯನ್ನು ಸ್ತುತಿಸಿ ಬರೆದ ಶಾಸನದಲ್ಲಿ ಒಂದು ಸೂಕ್ಷ್ಮ ವಿಮರ್ಶೆಯಿದೆ. ಬಹಳ ಎತ್ತರವಾದುದರಲ್ಲಿ ಚೆಲುವು ಇರುವುದು ಕಷ್ಟ, ಎತ್ತರವೂ ಚೆಲುವೂ ಕೂಡಿದ್ದರೂ ಅತಿಶಯ ನೆಲೆಸುವುದು ಇನ್ನೂ ಕಷ್ಟ, ಇಲ್ಲಿ ಮೂರೂ ಒಂದಾಗಿವೆ ಎಂಬುದು ಅವನ ಮಾತಿನ ಸಾರ. ಕಲಾವಿಮರ್ಶೆ ಎಂಬ ಹೆಸರೇ ಇಲ್ಲದ ಕಾಲದಲ್ಲಿ ಕನ್ನಡದ ಕವಿಯೊಬ್ಬ ಇಷ್ಟು ಖಚಿತವಾಗಿ ನೋಡಿದ್ದನೆಂಬುದು ಸಣ್ಣ ಸಂಗತಿಯಲ್ಲ.

ಕಾರ್ಕಳದಲ್ಲಿ 1432ರಲ್ಲಿ, ವೇಣೂರಿನಲ್ಲಿ 1604ರಲ್ಲಿ, ಧರ್ಮಸ್ಥಳದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಅದೇ ಮೂರ್ತಿ ಮತ್ತೆ ಮತ್ತೆ ನಿಂತಿತು. ಮುಖದ ಭಾವದಲ್ಲಿ, ಅಳತೆಯಲ್ಲಿ ವ್ಯತ್ಯಾಸಗಳಿವೆ. ಆದರೆ ಯಾವ ಶಿಲ್ಪಿಯೂ ಹೊಸದೊಂದನ್ನು ಸೇರಿಸಲು ಹೋಗಲಿಲ್ಲ. ಧರ್ಮಸ್ಥಳದ ಮೂರ್ತಿಯನ್ನು ಕಡೆದ ರೆಂಜಾಳ ಗೋಪಾಲ ಶೆಣೈ ಅವರು ಆಧುನಿಕ ಕಾಲದವರು. ಸ್ವಂತಿಕೆಯೇ ಕಲಾವಿದನ ಹೆಗ್ಗಳಿಕೆಯೆಂದು ಲೋಕ ನಂಬಿದ್ದ ಕಾಲದಲ್ಲಿ ಅವರು ಪರಂಪರೆಯ ನಿಲುವಿಗೆ ತಮ್ಮ ಕೈಯನ್ನು ಒಪ್ಪಿಸಿದರು.

ಈ ಪುನರಾವರ್ತನೆಯ ಅರ್ಥ ತಿಳಿಯಲು ಯಾವುದಾದರೂ ಬಸದಿಯ ಚತುರ್ವಿಂಶತಿ ಬಿಂಬದ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು. ಇಪ್ಪತ್ತನಾಲ್ಕು ತೀರ್ಥಂಕರರು ಸಾಲಾಗಿ ಕುಳಿತಿರುತ್ತಾರೆ ಅಥವಾ ನಿಂತಿರುತ್ತಾರೆ. ಪಾರ್ಶ್ವನಾಥರ ಹೆಡೆ, ಸುಪಾರ್ಶ್ವರ ಹೆಡೆ, ಕೆಲವೆಡೆ ವೃಷಭನಾಥರ ಹೆಗಲ ಮೇಲಿನ ಕೂದಲ ಎಳೆಗಳು, ಇಷ್ಟನ್ನು ಬಿಟ್ಟರೆ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವ ಗುರುತು ಶರೀರದಲ್ಲಿಲ್ಲ. ಪೀಠದ ಮೇಲಿನ ಲಾಂಛನವನ್ನು, ಎತ್ತನ್ನೋ ಆನೆಯನ್ನೋ ಸಿಂಹವನ್ನೋ ನೋಡಿಯೇ ಹೆಸರು ಹೇಳಬೇಕು. ಕಲೆಯ ಬಡತನವೆಂದು ಇದನ್ನು ಹಿಂದೆ ಕೆಲವು ಪಾಶ್ಚಾತ್ಯ ವಿದ್ವಾಂಸರು ಬಗೆದದ್ದುಂಟು. ಅವರು ಗಮನಿಸದಿದ್ದುದು ಸಿದ್ಧಾಂತವನ್ನು. ಕರ್ಮಗಳು ಕಳಚಿದ ಮೇಲೆ ಅನಂತಜ್ಞಾನ, ಅನಂತದರ್ಶನ, ಅನಂತಸುಖ, ಅನಂತವೀರ್ಯಗಳಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕೂದಲೆಳೆಯ ಭೇದವಿಲ್ಲವೆಂದು ಆಗಮ ಹೇಳುತ್ತದೆ. ಭೇದವನ್ನು ಕಾಣಿಸುತ್ತಿದ್ದುದು ಕರ್ಮವೇ ಆಗಿತ್ತು. ಆ ಸಾಲನ್ನು ಕಡೆದ ಶಿಲ್ಪಿಗೆ ಇಪ್ಪತ್ತನಾಲ್ಕು ಬಗೆಯ ಮುಖಗಳನ್ನು ಕಡೆಯಲು ಬಾರದೆ ಹೋಯಿತೆಂದು ತಿಳಿಯುವುದು ಹಾಸ್ಯಾಸ್ಪದ.

ಜಿನಬಿಂಬದಲ್ಲಿ ಶರೀರವಾದರೂ ಉಳಿದಿದೆ. ದಿಗಂಬರ ಪರಂಪರೆಯ ಸಿದ್ಧಪ್ರತಿಮೆಯಲ್ಲಿ ಅದೂ ಇಲ್ಲ. ಹಿತ್ತಾಳೆಯ ಅಥವಾ ಕಂಚಿನ ತಗಡು. ಅದರ ನಡುವೆ ಮನುಷ್ಯಾಕೃತಿಯನ್ನು ಕತ್ತರಿಸಿ ತೆಗೆದಿರುತ್ತಾರೆ. ಪೂಜೆ ಸಲ್ಲುವುದು ತಗಡಿಗಲ್ಲ, ಕತ್ತರಿಸಿ ತೆಗೆದ ಜಾಗಕ್ಕೆ. 1333ರ ಕಾಲಮಾನವಿರುವ ಇಂಥದೊಂದು ಪ್ರತಿಮೆ ಇಂದು ವಾಷಿಂಗ್ಟನ್ನಿನ ಫ್ರೀರ್ ಸಂಗ್ರಹಾಲಯದಲ್ಲಿದೆ. ಗಾಜಿನ ಪೆಟ್ಟಿಗೆಯಲ್ಲಿರುವ ಅದನ್ನು ನೋಡಿದವರು ಆಧುನಿಕ ಕಲಾಕೃತಿಯೆಂದೇ ಭ್ರಮಿಸಿದರೆ ಆಶ್ಚರ್ಯವಿಲ್ಲ. ಅರಹಂತರಿಗೆ ಶರೀರವುಂಟು, ಆದುದರಿಂದ ಕಲ್ಲಿನಲ್ಲಿ ಅವರ ರೂಪವನ್ನು ಕಡೆಯಬಹುದು. ಸಿದ್ಧರು ಅಶರೀರಿಗಳು. ಲೋಕದ ಅಗ್ರಭಾಗದಲ್ಲಿ ನೆಲೆಸಿದ, ಬಣ್ಣ ವಾಸನೆ ರುಚಿ ಸ್ಪರ್ಶಗಳಿಲ್ಲದ ಆ ಆತ್ಮವನ್ನು ತೋರಿಸುವುದು ಹೇಗೆ? ಹಾಗೆಂದು ಅದು ಆಕಾರವಿಲ್ಲದ ಶೂನ್ಯವೂ ಅಲ್ಲ. ಬಿಟ್ಟುಬಂದ ಕೊನೆಯ ದೇಹಕ್ಕಿಂತ ತುಸು ಕಡಿಮೆಯಾದ ಅಳತೆಯಲ್ಲಿ, ಅದೇ ಆಕೃತಿಯಲ್ಲಿ ಸಿದ್ಧಾತ್ಮ ನೆಲೆಸಿರುತ್ತದೆಯೆಂದು ‘ದ್ರವ್ಯಸಂಗ್ರಹ’ದಂಥ ಗ್ರಂಥಗಳು ಹೇಳುತ್ತವೆ. ಆಕಾರವಿದೆ, ಪುದ್ಗಲವಿಲ್ಲ. ಈ ಕಠಿಣ ತತ್ತ್ವವನ್ನು ಹೆಸರಿಲ್ಲದ ಕಂಚುಗಾರನೊಬ್ಬ ಒಂದು ತಗಡು, ಒಂದು ಉಳಿಯಿಂದ ಬಿಡಿಸಿಬಿಟ್ಟ. ಪುಟಗಟ್ಟಲೆ ವ್ಯಾಖ್ಯಾನ ಓದಿಯೂ ಅರ್ಥವಾಗದ್ದು ಆ ತೆರವಿನ ಆಚೆ ದೀಪ ಹಿಡಿದಾಗ ಅರ್ಥವಾದೀತು.

ಕಡಿಮೆಯಲ್ಲಿ ಹೆಚ್ಚನ್ನು ಕಾಣಿಸುವ ಹಂಬಲ ಜೈನರೊಬ್ಬರದೇ ಅಲ್ಲ ಎಂಬುದನ್ನೂ ಹೇಳಬೇಕು. ಹದಿಮೂರನೆಯ ಶತಮಾನದ ಚೀನಾದ ಭಿಕ್ಷು ಮುಚಿ ಬರೆದನೆಂದು ನಂಬಲಾದ ಚಿತ್ರವೊಂದರಲ್ಲಿ ಆರು ಹಣ್ಣುಗಳಿವೆ, ಅಷ್ಟೇ. ಮೇಜಿಲ್ಲ, ತಟ್ಟೆಯಿಲ್ಲ, ಹಿನ್ನೆಲೆಯಿಲ್ಲ. ಜಪಾನಿನ ಕ್ಯೋಟೊ ನಗರದ ರ್‍ಯೋಆನ್‌ಜಿ ವಿಹಾರದಲ್ಲಿ ಬಿಳಿಯ ಹರಳಿನ ಅಂಗಳದ ಮೇಲೆ ಹದಿನೈದು ಕಲ್ಲುಗಳಿವೆ. ಜಗಲಿಯ ಮೇಲೆ ಎಲ್ಲಿ ಕುಳಿತು ನೋಡಿದರೂ ಹದಿನೈದೂ ಒಟ್ಟಿಗೆ ಕಾಣವು. ಒಂದು ನೆಲೆಯಿಂದ ಪೂರ್ಣಸತ್ಯ ಕಾಣದೆಂಬ ಅನೇಕಾಂತವನ್ನು ಓದಿದವರಿಗೆ ಆ ಅಂಗಳ ಅಪರಿಚಿತವೆನಿಸದು. ಅದೇ ದೇಶದ ಚಹಾಗುರು ಸೆನ್ ನೊ ರಿಕ್ಯೂ (1522–1591) ಎರಡು ಚಾಪೆಯಷ್ಟು ಅಗಲದ ಮಣ್ಣುಗೋಡೆಯ ಕೋಣೆಯಲ್ಲಿ ಚಹಾದ ವಿಧಿಯನ್ನು ನೆಲೆಗೊಳಿಸಿದ. ಅವನ ಒಡೆಯ ಹಿದೆಯೋಶಿಗೆ ಚಿನ್ನದ ತಗಡು ಹೊದಿಸಿದ ಚಹಾಕೋಣೆಯೂ ಇತ್ತು. ಕೊನೆಗೆ ಆ ಒಡೆಯನ ಆಜ್ಞೆಯಿಂದಲೇ ರಿಕ್ಯೂ ಪ್ರಾಣ ತೊರೆಯಬೇಕಾಯಿತು. ಸರಳತೆ ಯಾವ ಕಾಲದಲ್ಲೂ ಅರಮನೆಗೆ ಸುಲಭವಾಗಿ ಸಹ್ಯವಾದುದಲ್ಲ.

ಯುರೋಪಿನಲ್ಲಿ ಮಲೇವಿಚ್ 1915ರಲ್ಲಿ ಕಪ್ಪು ಚೌಕವೊಂದನ್ನು ಬರೆದು, ರಷ್ಯದ ಮನೆಗಳಲ್ಲಿ ದೇವರ ಪಟ ಇಡುವಂತೆ ಕೋಣೆಯ ಮೇಲ್ಮೂಲೆಯಲ್ಲಿ ತೂಗುಹಾಕಿದ. ಶಿಲ್ಪಿ ಬ್ರಾಂಕೂಸಿ ಹಕ್ಕಿಯ ರೆಕ್ಕೆ, ಪುಕ್ಕ, ಕಾಲುಗಳನ್ನೆಲ್ಲ ಬಿಡುತ್ತ ಹೋಗಿ ಕೊನೆಗೆ ಹಾರಾಟವನ್ನು ಮಾತ್ರ ಉಳಿಸಿಕೊಂಡ. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಅವನ ಹಕ್ಕಿಗಳನ್ನು ಕೊಂಡು, ಅವುಗಳಿಗಾಗಿ ಧ್ಯಾನಮಂದಿರವೊಂದನ್ನು ಕಟ್ಟಿಸಲು 1930ರ ದಶಕದ ಕೊನೆಯಲ್ಲಿ ಅವನನ್ನು ಭಾರತಕ್ಕೆ ಕರೆಸಿದ್ದುಂಟು. ಮಂದಿರ ಮಾತ್ರ ಮೇಲೇಳಲಿಲ್ಲ. 1960ರ ದಶಕದ ಅಮೆರಿಕದಲ್ಲಿ ಈ ಒಲವಿಗೆ ‘ಮಿನಿಮಲ್’ ಎಂಬ ಹೆಸರು ಅಂಟಿತು. ಡೊನಾಲ್ಡ್ ಜಡ್ ಒಂದೇ ಅಳತೆಯ ಲೋಹದ ಪೆಟ್ಟಿಗೆಗಳನ್ನು ಗೋಡೆಯ ಮೇಲೆ ಸಮ ಅಂತರದಲ್ಲಿ ಜೋಡಿಸಿದ. ಭಾರತದಲ್ಲಿ ಬರೋಡದ ಕಲಾಶಾಲೆಯಲ್ಲಿ ಕಲಿಸುತ್ತಿದ್ದ ನಸ್ರೀನ್ ಮೊಹಮದಿ (1937–1990) ಅವರು, ಕೈ ಹತೋಟಿ ತಪ್ಪುವ ಕಾಯಿಲೆಯ ನಡುವೆಯೂ, ಶಾಯಿ ಮತ್ತು ಸೀಸದ ತೆಳು ಗೆರೆಗಳಲ್ಲದೆ ಬೇರೇನೂ ಇಲ್ಲದ ಚಿತ್ರಗಳನ್ನು ಬರೆದರು. ಈ ಸಾಲಿನಲ್ಲಿ ಹೃದಯಕ್ಕೆ ಅತ್ಯಂತ ಹತ್ತಿರವಾಗುವವರು ಅವರೇ.

ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಜಡ್‌ನ ಪೆಟ್ಟಿಗೆಗಳೂ ಚತುರ್ವಿಂಶತಿಯ ಸಾಲೂ ನೋಟಕ್ಕೆ ಸಮೀಪ, ಉದ್ದೇಶದಲ್ಲಿ ದೂರ. ಅಮೆರಿಕದ ಆ ಕಲಾವಿದರು ಕಥೆಯನ್ನೂ ಸಂಕೇತವನ್ನೂ ತೆಗೆದುಹಾಕಿದ್ದು ವಸ್ತುವನ್ನು ವಸ್ತುವಾಗಿಯೇ ತೋರಿಸಲು. ಲೋಹ ಲೋಹವಾಗಿ, ಚೌಕ ಚೌಕವಾಗಿ, ಅದರಾಚೆ ಏನೂ ಇಲ್ಲವೆಂದು ಹೇಳಲು. ಜೈನ ಶಿಲ್ಪಿ ತೆಗೆದುಹಾಕಿದ್ದು ವಸ್ತುವಿನ ಮೇಲಣ ಕಣ್ಣನ್ನು ಬಿಡಿಸಲು. ಒಂದು ಕಡೆ ಪುದ್ಗಲವೇ ಗಮ್ಯ, ಇನ್ನೊಂದು ಕಡೆ ಪುದ್ಗಲವನ್ನು ದಾಟುವುದೇ ಗಮ್ಯ. ಝೆನ್ ಅಂಗಳದ ಮೌನ ಇದಕ್ಕಿಂತ ಹತ್ತಿರದ ನಂಟು. ಆದರೂ ಬೌದ್ಧರ ಶೂನ್ಯದಲ್ಲಿ ಆತ್ಮಕ್ಕೆ ಎಡೆಯಿಲ್ಲ, ಸಿದ್ಧಪ್ರತಿಮೆಯ ತೆರವಿನಲ್ಲಿ ಇರುವುದು ಆತ್ಮವೇ. ಎಲ್ಲ ಖಾಲಿತನವೂ ಒಂದೇ ಎಂದು ಸುಲಭವಾಗಿ ಸಮೀಕರಿಸುವವರು ಈ ಅಂತರವನ್ನು ಮರೆಯುತ್ತಾರೆ.

ಜೈನಕಲೆಯೆಲ್ಲವೂ ಸರಳವೆಂದು ಹೇಳಿದರೆ ಅಬು ಪರ್ವತ ನಗುತ್ತದೆ. ದಿಲ್ವಾಡದಲ್ಲಿ 1031ರ ವಿಮಲವಸಹಿಯ ಅಮೃತಶಿಲೆಯನ್ನು ಶಿಲ್ಪಿಗಳು ಬೆಣ್ಣೆಯಂತೆ ಕೊರೆದಿದ್ದಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಕಂಬಕ್ಕೊಂದು ಬಗೆಯ ಕುಸುರಿಯಿದೆ. ಶ್ವೇತಾಂಬರ ದೇರಾಸರಗಳಲ್ಲಿ ಬಿಂಬಕ್ಕೆ ಹೊಳೆಯುವ ಕಣ್ಣು, ಕಿರೀಟ, ಅಂಗರಚನೆಗಳುಂಟು. ಎಲ್ಲವನ್ನೂ ಆಳಬಲ್ಲವನಾಗಿದ್ದು ಎಲ್ಲವನ್ನೂ ತೊರೆದವನೆಂದು ತೋರಿಸುವ ಭಾವ ಅಲ್ಲಿದೆ. ಅದನ್ನು ಅಲ್ಲಗಳೆಯಲು ಯಾವ ದಿಗಂಬರ ಶ್ರಾವಕನಿಗೂ ಅನೇಕಾಂತ ಅನುಮತಿ ಕೊಡದು. ಆದರೆ ಹೆಚ್ಚಿನ ಬಸದಿಗಳಲ್ಲಿ ಒಂದು ಕ್ರಮ ಎದ್ದುಕಾಣುತ್ತದೆ: ಅಲಂಕಾರ ಮಂಟಪದಲ್ಲಿ, ಕಂಬದಲ್ಲಿ, ಚಾವಣಿಯಲ್ಲಿ ಮುಗಿದು, ಗರ್ಭಗೃಹದ ಹೊಸಿಲು ದಾಟುವಾಗ ಮೌನವಾಗುತ್ತದೆ.

ಹಳೇಬೀಡಿಗೆ ಹೋದವರಲ್ಲಿ ನೂರಕ್ಕೆ ಬಹುಪಾಲು ಮಂದಿ ಹೊಯ್ಸಳೇಶ್ವರವನ್ನು ನೋಡಿ ಹಿಂದಿರುಗುತ್ತಾರೆ. ಆನೆ, ಸಿಂಹ, ಕುದುರೆ, ಹಂಸ, ರಾಮಾಯಣ, ಭಾರತಗಳು ಸಾಲುಸಾಲಾಗಿ ಮೆರೆಯುವ ಆ ಗೋಡೆ ಕನ್ನಡನಾಡಿನ ಹೆಮ್ಮೆ. ಅಲ್ಲಿಂದ ಸ್ವಲ್ಪವೇ ದೂರದ ಬಸ್ತಿಹಳ್ಳಿಯಲ್ಲಿ, ದಂಡನಾಯಕ ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ. ಅದೇ ರಾಜ್ಯ, ಅದೇ ಕಾಲ, ಅದೇ ಬಳಪದ ಕಲ್ಲು. ಹೊರಗೋಡೆ ಮಾತ್ರ ಹೆಚ್ಚುಕಡಿಮೆ ಬೋಳು. ಒಳಗೆ ಹೊಕ್ಕರೆ ತಿರುಗಣೆಯಲ್ಲಿ ತಿರುವಿ ಉಜ್ಜಿದ ಕಪ್ಪು ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಅವುಗಳ ಮೇಲೆ ನೋಡುವವನ ನೆರಳು ಮೂಡುತ್ತದೆ. ಇಷ್ಟು ಬಲ್ಲ ಕೈಗಳಿಗೆ ಹೊರಗೋಡೆಯನ್ನು ತುಂಬಿಸುವುದು ಕಷ್ಟವಿರಲಿಲ್ಲ. ತುಂಬಿಸಲಿಲ್ಲ ಎಂಬುದು ತೀರ್ಮಾನ, ಕೊರತೆಯಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಈ ತೀರ್ಮಾನ ಇನ್ನೂ ಹಳೆಯದು. ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ನೆನಪಿಗೆ ಅಲ್ಲಿ ಆರಂಭದ ಶತಮಾನಗಳಲ್ಲಿ ಗೋಪುರ ಕಟ್ಟಲಿಲ್ಲ. ಬರಿಯ ಬಂಡೆಯ ಮೈಮೇಲೆ ಒಂದೆರಡು ಸಾಲು ಕೊರೆದರು. ಹೆಸರು, ವ್ರತ, ಮುಡಿಪಿದ ಸಂಗತಿ. ಭದ್ರಬಾಹು ಗುಹೆಯಲ್ಲಿ ಪೂಜೆಗೊಳ್ಳುವುದೂ ಒಂದು ಜೊತೆ ಪಾದವಷ್ಟೇ.

ಈ ಪರಂಪರೆಯನ್ನು ಪಡೆದವರ ಕೈಯಲ್ಲಿ ಇಂದು ಏನಾಗುತ್ತಿದೆಯೆಂಬುದನ್ನು ಸ್ವಲ್ಪ ಕಟುವಾಗಿಯೇ ಕೇಳಬೇಕಾಗಿದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಹಲವೆಡೆ ಹಳೆಯ ಕಲ್ಲುನೆಲದ ಮೇಲೆ ಹೊಳೆಯುವ ಹಾಸುಬಿಲ್ಲೆ ಬರುತ್ತದೆ. ಕಲ್ಲುಕಂಬಕ್ಕೆ ಎಣ್ಣೆಬಣ್ಣ, ಬಿಂಬದ ಹಿಂದೆ ಬಣ್ಣ ಬದಲಿಸುತ್ತ ತಿರುಗುವ ವಿದ್ಯುದ್ದೀಪದ ಪ್ರಭಾವಳಿ, ಗೋಡೆಗೋಡೆಗೂ ದಾನಿಗಳ ಹೆಸರು. ದಾನಿಯ ಭಕ್ತಿ ನಿಜವಾದುದೇ, ಅದರಲ್ಲಿ ಸಂಶಯವಿಲ್ಲ. ಆದರೆ ಬಣ್ಣ ಬದಲಿಸುವ ದೀಪದ ಮುಂದೆ ವೀತರಾಗನ ಮುಖದ ಕಡೆ ಕಣ್ಣು ನಿಲ್ಲುವುದು ಹೇಗೆ? ರಾಗವನ್ನು ಗೆದ್ದವನನ್ನು ನೋಡಲು ಬಂದವನ ಕಣ್ಣನ್ನು ರಾಗವೇ ಎಳೆದೊಯ್ಯುತ್ತದೆ. ಸಾವಿರ ವರ್ಷ ಉಳಿದ ಬೋಳುಗೋಡೆಯನ್ನು ಬಡತನವೆಂದು ತಿಳಿದು ಮುಚ್ಚಿದರೆ, ಕಟ್ಟಿಸಿದವರು ಬೇಕೆಂದೇ ಹೇಳದೆ ಉಳಿಸಿದ ಮಾತೂ ಅದರೊಂದಿಗೆ ಮುಚ್ಚಿಹೋಗುತ್ತದೆ. ಸುಣ್ಣ, ಶುಚಿತ್ವ, ಸೋರದ ಮಾಡು, ಒಂದು ಎಣ್ಣೆಯ ದೀಪ: ಹಳೆಯ ಬಸದಿಗಳಲ್ಲಿ ಹೆಚ್ಚಿನವು ಕೇಳುವುದು ಇಷ್ಟನ್ನೇ. ಜೀರ್ಣೋದ್ಧಾರ ಸಮಿತಿಗಳಲ್ಲಿ ಇಂಜಿನಿಯರ್ ಇರುತ್ತಾರೆ, ದಾನಿಗಳಿರುತ್ತಾರೆ; ಕಲ್ಲನ್ನು ಬಲ್ಲ ಒಬ್ಬರಾದರೂ ಇರಬೇಕೆಂಬ ಒತ್ತಾಯ ಶ್ರಾವಕರಿಂದಲೇ ಬರಬೇಕು.

ವೈಭವವೇ ಬೇಡವೆಂಬುದು ಇಲ್ಲಿನ ವಾದವಲ್ಲ. ಹನ್ನೆರಡು ವರ್ಷಗಳಿಗೊಮ್ಮೆ, ಕಳೆದ ಬಾರಿ 2018ರಲ್ಲಿ ನಡೆದ ಮಹಾಮಸ್ತಕಾಭಿಷೇಕದಲ್ಲಿ ಹಾಲು, ಕಬ್ಬಿನ ರಸ, ಅರಿಸಿನ, ಚಂದನ, ಹೂಗಳಿಂದ ಗೊಮ್ಮಟನ ಮೈ ಬಿಳಿಯಾಗಿ, ಹಳದಿಯಾಗಿ, ಕೆಂಪಾಗಿ ಬದಲಾಗುವುದನ್ನು ಲಕ್ಷಾಂತರ ಜನ ಕಣ್ತುಂಬಿಕೊಳ್ಳುತ್ತಾರೆ. ಲೋಕದಲ್ಲಿ ಅಂಥ ವರ್ಣೋತ್ಸವ ವಿರಳ. ಆದರೆ ಪ್ರತಿ ಬಣ್ಣದ ಹಿಂದೆಯೂ ನೀರು ಬರುತ್ತದೆ. ಹರಿದದ್ದೆಲ್ಲ ಹರಿದುಹೋಗಿ ಸಂಜೆಗೆ ಮತ್ತೆ ಕಲ್ಲು, ಅದೇ ಕಿರುನಗೆ.

ಮನೆಯ ವಿಚಾರಕ್ಕೆ ಬಂದರೆ ಉಮಾಸ್ವಾಮಿ ಆಚಾರ್ಯರ ‘ತತ್ತ್ವಾರ್ಥಸೂತ್ರ’ ಪರಿಗ್ರಹವನ್ನು ವಸ್ತುಗಳ ಎಣಿಕೆಯಿಂದ ಅಳೆಯುವುದಿಲ್ಲ. ವಸ್ತುವಿನ ಮೇಲಣ ಮೂರ್ಛೆಯೇ, ಮೋಹವೇ ಪರಿಗ್ರಹವೆನ್ನುತ್ತದೆ. ಹೊರಗಿನ ಪರಿಗ್ರಹ ಹತ್ತು ಬಗೆಯಾದರೆ ಒಳಗಿನದು ಹದಿನಾಲ್ಕು. ಒಳಾಂಗಣ ವಿನ್ಯಾಸಕಾರನ ಕೈಗೆ ಸಿಗುವುದು ಮೊದಲಿನ ಹತ್ತರಲ್ಲಿ ಕೆಲವು ಮಾತ್ರ. ಖಾಲಿ ಕೋಣೆಯೊಂದಕ್ಕಾಗಿ ಲಕ್ಷಗಟ್ಟಲೆ ವೆಚ್ಚಮಾಡಿ, ಅದರ ಮೇಲೆ ಮಗುವಿನ ಕೈಗುರುತು ಬಿದ್ದರೆ ಸಿಡುಕುವ ಗೃಹಸ್ಥನ ಗೋಡೆ ಖಾಲಿಯಾಗಿಲ್ಲ; ಅಲ್ಲಿ ಮಾನವಿದೆ, ಕ್ರೋಧವಿದೆ. ಪಕ್ಕದ ಬೀದಿಯ ಹಳೆಯ ಮನೆಯಲ್ಲಿ ಹಿತ್ತಾಳೆಯ ಪಾತ್ರೆ, ಅಜ್ಜಿಯ ಟ್ರಂಕು, ಮೊಮ್ಮಕ್ಕಳ ಪುಸ್ತಕಗಳು ಕಿಕ್ಕಿರಿದಿದ್ದು, ಕೇಳಿದವರಿಗೆ ಕೇಳಿದ್ದನ್ನು ಎತ್ತಿಕೊಡುವ ಗೃಹಿಣಿ ಪರಿಗ್ರಹಪರಿಮಾಣ ವ್ರತಕ್ಕೆ ಹೆಚ್ಚು ಹತ್ತಿರದವಳು. ಆ ವ್ರತವೂ ಗೃಹಸ್ಥನಿಗೆ ಎಲ್ಲವನ್ನೂ ಬಿಡೆಂದು ಹೇಳುವುದಿಲ್ಲ. ಇಷ್ಟು ಸಾಕೆಂದು ಮೊದಲೇ ಗೆರೆ ಎಳೆದುಕೋ, ಮೀರಿ ಬಂದುದನ್ನು ದಾನಕ್ಕೆ ತೆಗೆದಿಡು ಎನ್ನುತ್ತದೆ. ಪಿಂಛಿ, ಕಮಂಡಲ, ಶಾಸ್ತ್ರ, ಇಷ್ಟರಲ್ಲೇ ವಿಹಾರ ಮಾಡುವ ಮುನಿಯ ಬದುಕು ಶೈಲಿಯಾಗಿ ಕೊಳ್ಳಲು ಸಿಗುವಂಥದಲ್ಲ.

ಈ ಮಾತಿಗೆ ಪುರಾವೆ ಬೇಕಾದವರು ಬೆಳಗಿನ ಹೊತ್ತು ನಗರದ ಯಾವುದಾದರೂ ದೇರಾಸರಕ್ಕೆ ಹೋಗಬಹುದು. ಜಿನದರ್ಶನ ಮಾಡಿದವರು ನೆಲದಲ್ಲಿ ಕುಳಿತು, ಸಣ್ಣ ಮಣೆಯ ಮೇಲೆ ಹಿಡಿ ಅಕ್ಕಿ ಸುರಿದು ಬೆರಳಿನಿಂದ ಸ್ವಸ್ತಿಕ ಬಿಡಿಸುತ್ತಾರೆ. ಅದರ ನಾಲ್ಕು ತೋಳು ದೇವ, ಮನುಷ್ಯ, ತಿರ್ಯಂಚ, ನಾರಕಗಳೆಂಬ ನಾಲ್ಕು ಗತಿ. ಮೇಲೆ ಮೂರು ಪುಟ್ಟ ಗುಡ್ಡೆಗಳು, ದರ್ಶನ ಜ್ಞಾನ ಚಾರಿತ್ರಗಳೆಂಬ ರತ್ನತ್ರಯ. ಅದರ ಮೇಲೆ ಅರ್ಧಚಂದ್ರದಂತೆ ಸಿದ್ಧಶಿಲೆ, ಅದರೊಳಗೆ ಒಂದು ಚಿಟಿಕೆ ಅಕ್ಕಿ, ಸಿದ್ಧರು. ಸಂಸಾರವೂ ಮಾರ್ಗವೂ ಮೋಕ್ಷವೂ ಅಂಗೈಯಗಲದ ಮಣೆಯ ಮೇಲೆ ಮೂಡಲು ಎರಡು ನಿಮಿಷ ಸಾಕು. 1974ರಲ್ಲಿ, ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಸಂದರ್ಭದಲ್ಲಿ ಎಲ್ಲ ಪಂಥಗಳೂ ಒಪ್ಪಿದ ಜೈನ ಲಾಂಛನದೊಳಗೆ ಇರುವುದೂ ಇದೇ ಚಿತ್ರ. ಅಕ್ಷತೆಯ ಈ ಕೃತಿಗೆ ಸಹಿಯಿಲ್ಲ, ಚೌಕಟ್ಟಿಲ್ಲ. ಬಿಡಿಸಿದವರು ಸ್ತವನ ಮುಗಿಸಿ ಎದ್ದು ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಅಕ್ಕಿಯನ್ನು ಯಾರೋ ಬಳಿದು ಪಾತ್ರೆಗೆ ಸುರಿಯುತ್ತಾರೆ, ಮಣೆ ಬರಿದಾಗುತ್ತದೆ. ಬಾಗಿಲಲ್ಲಿ ಕಾಯುತ್ತಿದ್ದ ಶಾಲೆಯ ಸಮವಸ್ತ್ರದ ಹುಡುಗಿ ಬಂದು ಕುಳಿತು, ತನ್ನ ಹಿಡಿ ಅಕ್ಕಿಯನ್ನು ಅದೇ ಮಣೆಯ ಮೇಲೆ ಸುರಿಯುತ್ತಾಳೆ.